ಟ್ರ್ಯಾಕ್ಟರಿನಲ್ಲೇ ಟಾರ್ಚ್ ಚಾರ್ಜ್: ಫ್ಯೂಸ್ ಮರೆಯಬೇಡಿ



ಹಗಲೆಲ್ಲ ಉಳುಮೆ ಮಾಡಿ ಟ್ರ್ಯಾಕ್ಟರನ್ನು ತಂದು ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿರುತ್ತೀರಿ. ಊಟ ಮುಗಿಸಿ ಇನ್ನೇನು ಮಲಗಬೇಕು ಎನ್ನುವಾಗ ಮೂರು ಫೇಸ್ ಕರೆಂಟ್ ಬರುತ್ತದೆ. ಪಂಪು ಚಾಲೂ ಮಾಡಿ ಕಬ್ಬಿಗೆ ನೀರು ಕಟ್ಟಲು ಹೊರಡಲೇಬೇಕು. ಗೋಡೆಯ ಮೊಳೆಗೆ ನೇತುಹಾಕಿದ್ದ ಟಾರ್ಚನ್ನು ತೆಗೆದು ಗುಂಡಿ ಒತ್ತುತ್ತೀರಿ. ಮಿಂಚುಹುಳುವಿನಷ್ಟು ಬೆಳಕು ಬಂದು, ಅದೂ ಆರಿಹೋಗುತ್ತದೆ. ಚಾರ್ಜಿಗೆ ಹಾಕುವುದನ್ನು ಯಾರೋ ಮರೆತಿದ್ದಾರೆ, ಅಥವಾ ಹಾಕಿದಾಗ ಮನೆಯಲ್ಲಿ ಕರೆಂಟೇ ಇರಲಿಲ್ಲ. ಕೊನೆಗೆ ಕತ್ತಲಲ್ಲೇ ಬದುವಿನ ಮೇಲೆ ಹೆಜ್ಜೆ ಹಾಕುತ್ತೀರಿ.

ಎರಡು ವರ್ಷದ ಕೆಳಗೆ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜಕ್ಕೆಂದು ಬಂದಿದ್ದ ಒಬ್ಬ ಯುವಕ ರೈತರು ಈ ಕಷ್ಟವನ್ನು ನನ್ನ ಮುಂದೆ ಹೇಳಿಕೊಂಡ ರೀತಿ ಇನ್ನೂ ನೆನಪಿದೆ. “ಸಾ, ಬೆಳಗಿಂದ ಸಂಜೆಗಂಟ ಕರೆಂಟ್ ಹುಟ್ಟಿಸೋ ಮಿಷನ್ ಮೇಲೇ ಕೂತಿರ್ತೀನಿ. ರಾತ್ರಿ ನೋಡುದ್ರೆ ಕೈಲಿರೋ ಬ್ಯಾಟ್ರಿ ಸತ್ತೋಗಿರ್ತದೆ. ಇದೇನ್ ಗ್ರಾಚಾರ ಸಾ?” ಎಂದರು. ಅವರು ಹೇಳಿದ್ದು ನಿಜ. ಎಂಜಿನ್ ಓಡುವಷ್ಟು ಹೊತ್ತೂ ಟ್ರ್ಯಾಕ್ಟರಿನ ಆಲ್ಟರ್ನೇಟರ್ ವಿದ್ಯುತ್ತನ್ನು ಉತ್ಪಾದಿಸುತ್ತಲೇ ಇರುತ್ತದೆ. ಅದರಲ್ಲಿ ಚಿಟಿಕೆಯಷ್ಟು ತೆಗೆದರೂ ಒಂದು ಟಾರ್ಚು ತುಂಬುತ್ತದೆ. “ಟ್ರ್ಯಾಕ್ಟರಿಗೇ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳಿ” ಎಂದು ಹೇಳಿ ಕಳಿಸಿದೆ. ಹೇಗೆ ಹಾಕಬೇಕೆಂದು ಹೇಳದೆ ಬಿಟ್ಟದ್ದು ನನ್ನ ತಪ್ಪು.

ತಿಂಗಳೊಳಗೆ ಅವರು ಕೈಯಲ್ಲಿ ಸುಟ್ಟು ಕರಕಲಾದ ಒಂದು ಮಾರು ವೈರನ್ನು ಹಿಡಿದು ಬಂದರು. ಮನೆಯಲ್ಲಿದ್ದ ಸಣ್ಣ ವೈರಿನ ಎರಡು ತುದಿಗಳನ್ನು ಕೆರೆದು ನೇರವಾಗಿ ಟ್ರ್ಯಾಕ್ಟರಿನ ಬ್ಯಾಟರಿಗೆ ಸುತ್ತಿ, ಮಡ್‌ಗಾರ್ಡಿನ ತೂತಿನೊಳಗಿಂದ ಎಳೆದು, ಸೀಟಿನ ಪಕ್ಕ ಒಂದು ಸಾಕೆಟ್ ಹಾಕಿಕೊಂಡಿದ್ದರಂತೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ಗಾಡಿಯ ಅದುರಾಟಕ್ಕೆ ತಗಡಿನ ಅಂಚು ವೈರಿನ ಮೈಯನ್ನು ದಿನವೂ ಇಷ್ಟಿಷ್ಟೇ ಕೊಯ್ಯುತ್ತಿತ್ತು. ಒಂದು ಸಂಜೆ ಟ್ರೇಲರಿಗೆ ಭತ್ತದ ಹುಲ್ಲು ಹೇರಿಕೊಂಡು ಬರುವಾಗ ಒಳಗಿನ ತಾಮ್ರ ತಗಡಿಗೆ ತಾಗಿತು. ವೈರು ಕೆಂಪಗೆ ಕಾದು, ಪ್ಲಾಸ್ಟಿಕ್ ಕರಗಿ ಉರಿಯತೊಡಗಿತು. ಅವರು ಹಾರಿ ಇಳಿದು, ತಲೆಗೆ ಕಟ್ಟಿದ್ದ ಟವಲನ್ನು ಕೈಗೆ ಸುತ್ತಿಕೊಂಡು ವೈರನ್ನು ಬ್ಯಾಟರಿಯಿಂದ ಕಿತ್ತರು. ಅಂಗೈ ಬೊಬ್ಬೆ ಬಂತು, ಮಡ್‌ಗಾರ್ಡಿನ ಬಣ್ಣ ಸುಟ್ಟಿತು. ಗಾಳಿ ಹಿಂದಕ್ಕೆ ಬೀಸುತ್ತಿದ್ದರೆ ಹುಲ್ಲು, ಟ್ರೇಲರು, ಟ್ರ್ಯಾಕ್ಟರು ಮೂರೂ ಹೋಗುತ್ತಿದ್ದವು.

ಅಂದು ಅವರಿಗೆ ಹೇಳದೆ ಬಿಟ್ಟದ್ದನ್ನು ಇಂದು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ. ಮೊದಲೇ ಒಂದು ಮಾತು: ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೂ ‘ಬ್ಯಾಟ್ರಿ’ ಎನ್ನುವುದು ವಾಡಿಕೆ. ಈ ಲೇಖನದಲ್ಲಿ ಬ್ಯಾಟರಿ ಎಂದರೆ ಟ್ರ್ಯಾಕ್ಟರಿನದು, ಕೈಯಲ್ಲಿ ಹಿಡಿಯುವುದು ಟಾರ್ಚು. ಇಲ್ಲದಿದ್ದರೆ ಓದಿ ಹೇಳುವವರಿಗೂ ಕೇಳುವವರಿಗೂ ಗೊಂದಲವಾದೀತು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟೊಂದು ಮಾತೇಕೆ ಎಂದು ಕೇಳಬಹುದು. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಕಟ್ಟುಹಾವು ಹೊರಗೆ ಓಡಾಡುವುದೇ ರಾತ್ರಿ. ಕೊಳಕುಮಂಡಲವೂ ಹೆಚ್ಚಾಗಿ ಕತ್ತಲಾದ ಮೇಲೆ ಇಲಿಗಳ ಬೆನ್ನು ಹತ್ತಿ ಬದುಗಳಿಗೆ ಬರುತ್ತದೆ. ಮಡೆ ತಿರುಗಿಸಲು ಬಗ್ಗುವ ಮೊದಲು ಕೈಯಿಡುವ ಜಾಗ ಕಾಣುವಷ್ಟು ಬೆಳಕು ಇರಲೇಬೇಕು. ಟಾರ್ಚಿದ್ದರೂ ಕಾಲಿಗೆ ಬೂಟು ಬೇಡವೆಂದಲ್ಲ.

ಯಾವ ಟಾರ್ಚು ಸರಿ?

ಟ್ರ್ಯಾಕ್ಟರಿನ ಬ್ಯಾಟರಿ 12 ವೋಲ್ಟಿನದು. ತುಂಬಿ ನಿಂತಾಗ ಅದರಲ್ಲಿ 12.6 ವೋಲ್ಟಿನಷ್ಟು ಇರುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಬರುವುದು 14 ವೋಲ್ಟಿನ ಆಸುಪಾಸು. ಟಾರ್ಚಿನೊಳಗಿನ ಸೆಲ್ಲು ಇದನ್ನು ನೇರವಾಗಿ ತಡೆಯಲಾರದು. ನಡುವೆ ವೋಲ್ಟನ್ನು ಇಳಿಸುವ ಒಂದು ಅಡಾಪ್ಟರ್ ಬೇಕೇ ಬೇಕು.

ಹಿಂಬದಿಯಲ್ಲಿ ಎರಡು ಪಿನ್ನು ಹೊರಕ್ಕೆ ಬರುವ, ಗೋಡೆಯ ಪ್ಲಗ್ಗಿಗೆ ಚುಚ್ಚುವ ಟಾರ್ಚುಗಳನ್ನು ನೀವೆಲ್ಲ ಕಂಡಿದ್ದೀರಿ. ಇವುಗಳಲ್ಲಿ ಅನೇಕದರೊಳಗೆ 4 ವೋಲ್ಟಿನ ಸಣ್ಣ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಆ ಪಿನ್ನುಗಳು 230 ವೋಲ್ಟಿಗಾಗಿ ಮಾಡಿದವು. ಟ್ರ್ಯಾಕ್ಟರಿನ ವೈರನ್ನು ಅವಕ್ಕೆ ಮುಟ್ಟಿಸಿದರೆ ಚಾರ್ಜ್ ಆಗುವುದಿಲ್ಲ. ಬಿಚ್ಚಿ ಒಳಗಿನ ಬ್ಯಾಟರಿಗೇ ಮುಟ್ಟಿಸಿದರೆ ಏನಾಗುತ್ತದೆಂದು ನನ್ನ ಅನುಭವದಿಂದಲೇ ಹೇಳಬಲ್ಲೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಿ.ಎಸ್ಸಿ. ಓದಿದ ಹುಮ್ಮಸ್ಸಿನಲ್ಲಿ, ನನ್ನ ಬೈಕಿನ ಬ್ಯಾಟರಿಯಿಂದ ಅಂತಹ ಒಂದು ಟಾರ್ಚಿನ ಒಳಬ್ಯಾಟರಿಗೆ ನೇರ ವೈರು ಕೊಟ್ಟೆ. ಕಾಲು ಗಂಟೆಯಲ್ಲಿ ಅದು ಹಲಸಿನ ಬೀಜದಂತೆ ಉಬ್ಬಿ, ಆಮ್ಲ ಸೋರಿ, ಹೊಸ ಪ್ಯಾಂಟಿನಲ್ಲಿ ಮೂರು ತೂತು ಬಿತ್ತು. ಕಣ್ಣಿಗೆ ಹಾರಲಿಲ್ಲವೆಂಬುದಷ್ಟೇ ಸಮಾಧಾನ. ಇಂತಹ ಟಾರ್ಚನ್ನು ಮನೆಯ ಪ್ಲಗ್ಗಿಗೇ ಬಿಡಿ. ಅದನ್ನು ಪೂರ್ತಿ ಬರಿದಾಗುವವರೆಗೆ ಉರಿಸಿ ತಿಂಗಳುಗಟ್ಟಲೆ ಹಾಗೆಯೇ ಇಡಲೂಬೇಡಿ. ಒಳಗಿನ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕುಳಿತು ಬ್ಯಾಟರಿ ಸಾಯುತ್ತದೆ.

ವಾಹನದಲ್ಲಿ ಚಾರ್ಜ್ ಮಾಡಲು ತಕ್ಕದ್ದೆಂದರೆ ಮೊಬೈಲ್ ಫೋನಿನ ವೈರನ್ನೇ ಸಿಕ್ಕಿಸಿ ಚಾರ್ಜ್ ಮಾಡುವ ಲಿಥಿಯಂ ಸೆಲ್ಲಿನ ಟಾರ್ಚು. ಈ ಸೆಲ್ಲು 3.7 ವೋಲ್ಟಿನದು, ಪೂರ್ತಿ ತುಂಬಿದಾಗ 4.2 ವೋಲ್ಟು. ಅದಕ್ಕಿಂತ ಮೇಲೆ ಹೋಗದಂತೆ ತಡೆಯುವ ಏರ್ಪಾಟು ಟಾರ್ಚಿನೊಳಗೇ ಇರುತ್ತದೆ. ಹೊರಗಿನಿಂದ ನಾವು 5 ವೋಲ್ಟು ಕೊಟ್ಟರೆ ಸಾಕು. ಕಾರಿನವರು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಮೊಬೈಲ್ ಚಾರ್ಜರ್ ಇದೆಯಲ್ಲ, ಅದೇ ಈ ಕೆಲಸದ ಅಡಾಪ್ಟರ್. ಅದರ ಮೈಮೇಲೆ ಒಳಬರುವುದು 12-24 ವೋಲ್ಟು, ಹೊರಹೋಗುವುದು 5 ವೋಲ್ಟು ಎಂದು ಅಚ್ಚಾಗಿರಬೇಕು. ಓದಲು ತಿಳಿಯದಿದ್ದರೆ ಓದುಬಲ್ಲ ಹುಡುಗರಿಂದ ಓದಿಸಿ ಕೊಳ್ಳಿ. ಬರಹವೇ ಇಲ್ಲದ ಮಾಲನ್ನು ಕೊಳ್ಳಬೇಡಿ.

ಸಂತೆಯಲ್ಲಿ ಬದಲಿ ಸೆಲ್ಲು ಕೊಳ್ಳುವವರಿಗೂ ಒಂದು ಎಚ್ಚರಿಕೆ. ಹೆಬ್ಬೆರಳಿಗಿಂತ ತುಸು ಉದ್ದದ, 18650 ಎಂಬ ಅಳತೆಯ ಸೆಲ್ಲಿನ ಮೇಲೆ 9,900 ಮಿಲಿ ಆಂಪಿಯರ್-ಗಂಟೆ ಎಂದು ಅಚ್ಚು ಹಾಕಿ ಮಾರುವುದುಂಟು. ಆ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಹಿಡಿಯುವುದೇ 3,500ರ ಆಸುಪಾಸು. ಪಾವಿನ ಸೇರಿನಲ್ಲಿ ಬಳ್ಳ ಅಕ್ಕಿ ತುಂಬಿದೆ ಎಂದಂತಾಯಿತು ಇದು. ಇಂತಹ ಸೆಲ್ಲು ಬೆಳಕನ್ನೂ ಕೊಡದು, ಕಾದರೆ ಅಪಾಯವನ್ನೂ ತರುತ್ತದೆ.

ತೂಬು ಕೆರೆಯ ಬಾಯಲ್ಲೇ ಇರಬೇಕು

ಈಗ ವೈರಿನ ವಿಷಯ. ಈಚಿನ ಕೆಲವು ಟ್ರ್ಯಾಕ್ಟರುಗಳಲ್ಲಿ ಮೊಬೈಲ್ ಚಾರ್ಜಿಂಗ್ ಸಾಕೆಟ್ ಕಂಪನಿಯಿಂದಲೇ ಬಂದಿರುತ್ತದೆ. ಮೊದಲು ನಿಮ್ಮದರಲ್ಲಿ ಇದೆಯೇ ನೋಡಿ. ಇದ್ದರೆ ಅಡಾಪ್ಟರನ್ನೋ ವೈರನ್ನೋ ಸಿಕ್ಕಿಸಿದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ, ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ, ಮಾರಿದವರ ವರ್ಕ್‌ಷಾಪಿನಲ್ಲೇ ಹಾಕಿಸಿ. ಹಳೆಯ ಗಾಡಿಯಾದರೆ ಊರಿನ ಆಟೋ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಮಾಡಿಕೊಡುವ ಕೆಲಸ. ನೀವೇ ಮಾಡಿದರೂ, ಅವರು ಮಾಡುವಾಗ ಪಕ್ಕದಲ್ಲಿ ನಿಂತರೂ, ಒಂದನ್ನು ಮಾತ್ರ ಬಿಡಬೇಡಿ: ಫ್ಯೂಸು. ಅದೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ.

ಫ್ಯೂಸು ಟಾರ್ಚನ್ನು ಕಾಯಲು ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದು ವೈರನ್ನು ಕಾಯಲು ಇದೆ. ಟಾರ್ಚು ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹರಿಯುವುದು ಸುಮಾರು 1 ಆಂಪಿಯರ್ ಮಾತ್ರ. ಆದರೆ ವೈರು ಎಲ್ಲಾದರೂ ತಗಡಿಗೆ ತಾಗಿದರೆ, ಸೆಲ್ಫ್ ಮೋಟರನ್ನೇ ತಿರುಗಿಸುವ ಆ ಬ್ಯಾಟರಿ ನೂರಾರು ಆಂಪಿಯರ್ ನುಗ್ಗಿಸಬಲ್ಲದು. ಕೆರೆಯಿಂದ ಕಾಲುವೆಗೆ ನೀರು ಬಿಡುವಾಗ ತೂಬನ್ನು ಎಲ್ಲಿ ಕಟ್ಟುತ್ತಾರೆ? ಕೆರೆಯ ಬಾಯಲ್ಲಿ. ಗದ್ದೆಯ ತಲೆಯಲ್ಲಿ ತೂಬಿಟ್ಟು ನಡುವೆ ಕಾಲುವೆ ಒಡೆದರೆ ಊರೇ ಮುಳುಗುತ್ತದೆ. ಸಾಕೆಟ್ಟಿನ ಪಕ್ಕ ಫ್ಯೂಸು ಹಾಕುವವರು ಇದೇ ತಪ್ಪು ಮಾಡುತ್ತಾರೆ. ಅಲ್ಲಿಂದ ಬ್ಯಾಟರಿಯವರೆಗಿನ ವೈರಿಗೆ ಕಾವಲೇ ಇರುವುದಿಲ್ಲ. ಆ ಯುವಕ ರೈತರ ವೈರು ಸುಟ್ಟದ್ದು ಆ ನಡುವಿನ ಭಾಗದಲ್ಲಿಯೇ.

ವೈರು 1.5 ಚದರ ಮಿಲಿಮೀಟರಿನ, ಹಲವು ಎಳೆಗಳ ತಾಮ್ರದ್ದಿರಲಿ. ಮನೆಯಲ್ಲಿ ಉಳಿದ ಒಂಟಿ ಎಳೆಯ ಗಟ್ಟಿ ವೈರು ಅದುರಾಟಕ್ಕೆ ಮುರಿಯುತ್ತದೆ. ಫ್ಯೂಸು 5 ಆಂಪಿಯರಿಗಿಂತ ಹೆಚ್ಚಿನದು ಬೇಡ, 3 ಆದರೂ ಸಾಕು. ಮುಚ್ಚಳವಿರುವ ಫ್ಯೂಸ್ ಹೋಲ್ಡರಿಗೆ ಆಗುವ ಖರ್ಚು ಪೇಟೆಯ ಹೋಟೆಲಿನಲ್ಲಿ ಒಬ್ಬರು ತಿಂಡಿ ತಿಂದು ಕಾಫಿ ಕುಡಿಯುವಷ್ಟೇ. ಇಷ್ಟಕ್ಕೆ ಹಿಂದೆಮುಂದೆ ನೋಡಿ ಅಂದು ಆ ರೈತರು ಹುಲ್ಲಿನ ಗಾಡಿಯನ್ನೇ ಕಳೆದುಕೊಳ್ಳುವವರಿದ್ದರು.

ಪಾಸಿಟಿವ್ ಎಲ್ಲಿಂದ ತೆಗೆಯಬೇಕು? ಎರಡು ದಾರಿಗಳಿವೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರವಾಗಿ ತೆಗೆಯಬಹುದು. ಅಥವಾ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ, ಫ್ಯೂಸ್ ಬಾಕ್ಸಿನಲ್ಲಿ ಖಾಲಿ ಜಾಗವಿದ್ದರೆ ಅಲ್ಲಿಂದ ತೆಗೆಯಬಹುದು. ನಾನು ಎರಡನೆಯದನ್ನೇ ಹೇಳುತ್ತೇನೆ. ಏಕೆಂದು ಲೆಕ್ಕ ಹಾಕಿ ನೋಡೋಣ. ಟಾರ್ಚು ತುಂಬಲು ಬೇಕಾಗುವುದು ತೀರ ಕಡಿಮೆ. 2,000 ಮಿಲಿ ಆಂಪಿಯರ್-ಗಂಟೆಯ ಸೆಲ್ಲಿಗೆ ನಷ್ಟವನ್ನೂ ಸೇರಿಸಿ ಸುಮಾರು 10 ವಾಟ್-ಗಂಟೆ ಬೇಕು. 80 ಆಂಪಿಯರ್-ಗಂಟೆಯ ಟ್ರ್ಯಾಕ್ಟರ್ ಬ್ಯಾಟರಿಯಲ್ಲಿರುವುದು 960. ಅಂದರೆ ನೂರರಲ್ಲಿ ಒಂದು ಪಾಲು. ಇದರಿಂದ ಬ್ಯಾಟರಿ ಇಳಿಯುವುದಿಲ್ಲ. ಇಳಿಸುವುದು ಮರೆತು ಸಿಕ್ಕಿಸಿಯೇ ಬಿಟ್ಟ ಅಡಾಪ್ಟರ್. ಅದರ ಪುಟ್ಟ ಕೆಂಪು ದೀಪ, ಒಳಗಿನ ಸರ್ಕ್ಯೂಟು ಸೇರಿ 20 ಮಿಲಿ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಅರ್ಧ ಆಂಪಿಯರ್-ಗಂಟೆಯಾಯಿತು, ತಿಂಗಳಿಗೆ ಸುಮಾರು 14. ಉಳುಮೆಯಿಲ್ಲದೆ ಗಾಡಿ ಎರಡು ತಿಂಗಳು ನಿಂತರೆ 28 ಆಂಪಿಯರ್-ಗಂಟೆ ಸೋರಿಹೋಯಿತು. ಬ್ಯಾಟರಿ ತಾನಾಗಿಯೇ ಇಳಿಯುವುದು ಬೇರೆ. ಮುಂಗಾರಿನ ಮೊದಲ ಹದಕ್ಕೆ ಗಾಡಿ ತೆಗೆಯಲು ಹೋದರೆ ಸೆಲ್ಫ್ ‘ಕಟಕ್’ ಎಂದು ಸುಮ್ಮನಾಗುತ್ತದೆ. ಹದ ತಪ್ಪಿದರೆ ಆಗುವ ನಷ್ಟವನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೀಯ ಕಡೆಯಿಂದ ತೆಗೆದರೆ ಕೀ ಕಳಚಿದೊಡನೆ ಈ ಸೋರಿಕೆಯೂ ನಿಲ್ಲುತ್ತದೆ. ನೇರವಾಗಿಯೇ ತೆಗೆಯಬೇಕಾಗಿ ಬಂದರೆ ಫ್ಯೂಸಿನ ನಂತರ ಒಂದು ಸಣ್ಣ ಸ್ವಿಚ್ಚು ಹಾಕಿ.

ಹೆಡ್‌ಲೈಟಿನ ಅಥವಾ ಹಾರನ್ನಿನ ವೈರನ್ನು ಕೆರೆದು ಸುತ್ತಿ ಕರೆಂಟ್ ಕದಿಯುವ ಪದ್ಧತಿಯೂ ಇದೆ. ಸುತ್ತಿದ ಗಂಟು ಸಡಿಲವಾಗಿ ಕಾಯುತ್ತದೆ, ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ, ಕೊನೆಗೆ ಟಾರ್ಚಿಗಾಗಿ ಹೆಡ್‌ಲೈಟೇ ಹೋಗುತ್ತದೆ. ಲಗ್ ಹಾಕಿ ಒತ್ತಿಸಿ.

ಜೋಡಿಸುವಾಗ

ಕೆಲಸ ಶುರು ಮಾಡುವ ಮೊದಲು ಎಂಜಿನ್ ನಿಲ್ಲಿಸಿ, ಕೀ ಕಳಚಿ. ಬೀಡಿ ಸೇದುತ್ತ ಬ್ಯಾಟರಿಯ ಹತ್ತಿರ ಹೋಗಬೇಡಿ. ಚಾರ್ಜ್ ಆಗುವಾಗ ಅದರಿಂದ ಬರುವ ಹೈಡ್ರೋಜನ್ ಅನಿಲ ಕಿಡಿ ಸೋಕಿದರೆ ಸಿಡಿಯುತ್ತದೆ. ಬ್ಯಾಟರಿಯ ನೆಗೆಟಿವ್ ತಲೆಯನ್ನು, ಅಂದರೆ ಗಾಡಿಯ ಮೈಗೆ ಜೋಡಿಸಿದ ತಲೆಯನ್ನು, ಮೊದಲು ಬಿಚ್ಚಬೇಕು, ಕೊನೆಯಲ್ಲಿ ಹಾಕಬೇಕು. ಪಾಸಿಟಿವ್ ತಲೆಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರು ಬಾನೆಟ್ಟಿಗೆ ತಾಗಿದರೆ ಸ್ಪ್ಯಾನರೇ ವೆಲ್ಡಿಂಗ್ ರಾಡಿನಂತೆ ಉರಿಯುತ್ತದೆ. ಹಳೆಯ ಕಾಲದ ಕೆಲವು ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಇದು ತಿರುವುಮುರುವು, ಪಾಸಿಟಿವ್ವೇ ಗಾಡಿಯ ಮೈಗೆ ಸೇರಿರುತ್ತದೆ. ನಿಮ್ಮ ಅಜ್ಜನ ಕಾಲದ ಗಾಡಿಯಿದ್ದರೆ ನೋಡಿಕೊಳ್ಳಿ, ಅಡಾಪ್ಟರಿಗೆ ತಲೆಕೆಳಗಾಗಿ ಕರೆಂಟ್ ಕೊಟ್ಟರೆ ಕ್ಷಣದಲ್ಲಿ ಸುಡುತ್ತದೆ. ಸಾಕೆಟ್ಟಿನಲ್ಲಿ ನಡುವಿನ ಗುಬುಟು ಪಾಸಿಟಿವ್, ಸುತ್ತಲಿನ ಬಳೆ ನೆಗೆಟಿವ್.

ವೈರು ತಗಡಿನ ತೂತಿನಲ್ಲಿ ಹಾದುಹೋಗುವ ಕಡೆಯಲ್ಲೆಲ್ಲ ರಬ್ಬರ್ ಬುಷ್ ಇರಲೇಬೇಕು. ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬನ್ನಾದರೂ ಸುತ್ತಿ. ಸೈಲೆನ್ಸರಿನಿಂದ, ಕ್ಲಚ್ಚು-ಬ್ರೇಕಿನ ಕಡ್ಡಿಗಳಿಂದ, ಹಿಂದಿನ ಹೈಡ್ರಾಲಿಕ್ ತೋಳುಗಳಿಂದ ದೂರವಿರಲಿ. ಗೇಣಿಗೊಂದು ಕಡೆ ಕಟ್ಟಿ. ಸಾಕೆಟ್ಟನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಬಾಯಿ ಕೆಳಮುಖವಾಗಿ ಕೂರಿಸಿ ಮುಚ್ಚಳ ಹಾಕಿದರೆ ಮಳೆ, ಕೆಸರು, ಗಾಡಿ ತೊಳೆಯುವ ನೀರು ಒಳಗೆ ನಿಲ್ಲುವುದಿಲ್ಲ. ಬೇರೆ ದೇಶಗಳಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ವಾಹನಗಳಲ್ಲಿ ಟಾರ್ಚನ್ನು ಹಿಡಿದುಕೊಂಡೇ ಚಾರ್ಜ್ ಮಾಡುವ ತೊಟ್ಟಿಲನ್ನು ವಾಹನಕ್ಕೇ ಬಿಗಿದಿರುತ್ತಾರೆ. ನಮಗೆ ಅಷ್ಟು ಬೇಡ. ಪೈಪು ಹಿಡಿಯುವ ಒಂದು ಕ್ಲಿಪ್ಪನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬಿಗಿದರೆ ಟಾರ್ಚು ಉರುಳಿ ಪೆಡಲಿನಡಿ ಸೇರುವುದು ತಪ್ಪುತ್ತದೆ. ಬ್ರೇಕ್ ಪೆಡಲಿನಡಿ ಟಾರ್ಚು ಸಿಕ್ಕಿಕೊಂಡರೆ ಏನಾದೀತೆಂದು ಯೋಚಿಸಿ.

ಟಾರ್ಚಿಗೆ ನೆರಳು ಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಲಿಥಿಯಂ ಸೆಲ್ಲನ್ನು 45 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯ ಮಡ್‌ಗಾರ್ಡಿನ ಮೇಲೆ ಕೈಯಿಡಲಾಗುವುದಿಲ್ಲ ಎಂದಾದರೆ ಟಾರ್ಚನ್ನೂ ಅಲ್ಲಿಡಬೇಡಿ. ಸೆಲ್ಲು ಉಬ್ಬಿದ್ದರೆ, ಮುಟ್ಟಲಾಗದಷ್ಟು ಕಾದರೆ, ಅದನ್ನು ಮತ್ತೆ ಚಾರ್ಜಿಗೆ ಹಾಕದೆ ಬಿಸಾಡುವುದೇ ಸರಿ, ಆದರೆ ಒಲೆಗೆ ಮಾತ್ರ ಹಾಕಬೇಡಿ.

ಸೆಲ್ಫ್ ಹೊಡೆಯುವಾಗ ವೋಲ್ಟು ಒಮ್ಮೆ ಕುಸಿದು ಮತ್ತೆ ಏರುತ್ತದೆ. ಆದುದರಿಂದ ಎಂಜಿನ್ ಶುರುವಾದ ಮೇಲೆ ಟಾರ್ಚನ್ನು ಸಿಕ್ಕಿಸಿ, ನಿಲ್ಲಿಸುವ ಮೊದಲು ತೆಗೆಯಿರಿ. ಮೂರರಿಂದ ಐದು ಗಂಟೆಯ ಉಳುಮೆಯಲ್ಲಿ ಸಾಮಾನ್ಯ ಟಾರ್ಚು ತುಂಬುತ್ತದೆ. ಬ್ಯಾಟರಿ ಸತ್ತಿದೆಯೆಂದು ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಿ, ತಳ್ಳಿ ಶುರು ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂತಹ ಗಾಡಿಯಲ್ಲಿ ವೋಲ್ಟು ಹದದಲ್ಲಿ ನಿಲ್ಲುವುದಿಲ್ಲ, ಅಡಾಪ್ಟರೂ ಟಾರ್ಚೂ ಒಟ್ಟಿಗೆ ಹೋದಾವು. ಮೊದಲು ಬ್ಯಾಟರಿಯನ್ನು ಸರಿಪಡಿಸಿ. ಬ್ಯಾಟರಿಯೇ ಇಲ್ಲದ ಪವರ್ ಟಿಲ್ಲರಿಗೆ ಈ ಕೆಲಸ ಹೊಂದುವುದಿಲ್ಲ. ಬೈಕಿನಲ್ಲಿ ಮಾಡಿಸಬಹುದು, ಆದರೆ ಅದರ ಬ್ಯಾಟರಿ ತೀರ ಚಿಕ್ಕದು, ಎಂಜಿನ್ ಓಡುವಾಗ ಮಾತ್ರ ಚಾರ್ಜ್ ಮಾಡಿ.

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಸಾಲಿನಲ್ಲಿ ರಾತ್ರಿಯೆಲ್ಲ ಕಾಯುವ ಚಾಲಕರಿಗೆ ಈ ಪಾಯಿಂಟು ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಎಂಜಿನ್ ನಿಲ್ಲಿಸಿ ಮಲಗುವಾಗ ಕೀ ಮಾತ್ರ ತಿರುಗಿಸಿಟ್ಟು ಚಾರ್ಜ್ ಮಾಡಬೇಡಿ. ಹಾಗೆ ಬಿಟ್ಟರೆ ಕೀಯ ಹಿಂದಿರುವ ಬೇರೆ ದೀಪ, ಮೀಟರುಗಳೂ ಬ್ಯಾಟರಿಯನ್ನು ಹೀರುತ್ತವೆ.

ಕೆಲಸ ಮುಗಿದ ಮೇಲೆ ಫ್ಯೂಸ್ ಹೋಲ್ಡರಿನ ಪಕ್ಕದಲ್ಲೇ ಅದೇ ಅಳತೆಯ ಎರಡು ಬಿಡಿ ಫ್ಯೂಸುಗಳನ್ನು ಟೇಪಿನಿಂದ ಸುತ್ತಿಡಿ. ಫ್ಯೂಸು ಹೋದರೆ ಬೀಡಿ ಕಟ್ಟಿನ ತಗಡು, ತಾಮ್ರದ ಎಳೆ ಇವನ್ನು ತುರುಕಬೇಡಿ, ವೈರು ಎಲ್ಲಿ ಸವೆದಿದೆ ಎಂದು ಹುಡುಕಿ. ಎಂಟು ದಿನ ಓಡಿಸಿದ ಮೇಲೆ ಒಮ್ಮೆ ಬಾನೆಟ್ ಎತ್ತಿ, ವೈರಿನುದ್ದಕ್ಕೂ ಬೆರಳಾಡಿಸಿ ನೋಡಿ. ಎಲ್ಲಿಯೂ ಬಿಸಿ ಇರಬಾರದು, ಎಲ್ಲಿಯೂ ಮೈ ಸುಲಿದಿರಬಾರದು. ಅಂಗೈ ಸುಟ್ಟುಕೊಂಡ ಆ ರೈತರ ಗಾಡಿಯನ್ನು ಮೊನ್ನೆ ಹೀಗೆಯೇ ನೋಡಿದೆ. ಹೊಸ ವೈರಿಗೆ ಎರಡು ಬೇಸಿಗೆ ಕಳೆದಿವೆ, ರಬ್ಬರ್ ಬುಷ್ ಮಾತ್ರ ಬಿರುಕು ಬಿಟ್ಟಿತ್ತು. ಅಲ್ಲಿಯೇ ಬದಲಾಯಿಸಿದೆವು.